ಊರಿನ ಲೆಕ್ಕಕ್ಕೆ ಬಾರದವರು

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದಿದೆ. ಮೆಟ್ಟಿಲು ಮೆಟ್ಟಿಲಾಗಿ ನೀರಿಗಿಳಿಯುವ ಅದರ ಸುತ್ತ ಪುಟ್ಟ ಪುಟ್ಟ ಗುಡಿಗಳಂಥ ಗೂಡುಗಳು. ಅದನ್ನು ಕಡೆದವರು ಯಾವ ಸೀಮೆಯವರು ಎಂದು ಈಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಲ್ಯಾಣಿ ಊರಿನದು, ಅಷ್ಟೇ. ಬೇಲೂರಿನಲ್ಲಾದರೆ ಕೇಳುವ ಅಗತ್ಯವೂ ಇಲ್ಲ. ಚೆನ್ನಕೇಶವ ದೇಗುಲದ ಮದನಿಕೆಯರ ಪೀಠದಲ್ಲಿ ಶಿಲ್ಪಿಗಳೇ ತಮ್ಮ ಹೆಸರು, ಊರು, ಬಿರುದು ಬರೆದುಕೊಂಡಿದ್ದಾರೆ. ದಾಸೋಜ ಬಳ್ಳಿಗಾವೆಯವನು, ಚಾವಣ ಅವನ ಮಗ. ಈಗಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಆಗ ಚಾಲುಕ್ಯರ ಸೀಮೆ. ಅಂದರೆ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ, ನಾವೆಲ್ಲ ‘ನಮ್ಮದು’ ಎಂದು ಎದೆಯುಬ್ಬಿಸಿಕೊಳ್ಳುವ ಆ ಗುಡಿಯಲ್ಲಿ ಉಳಿ ಹಿಡಿದವರಲ್ಲಿ ಕೆಲವರಾದರೂ ಬೇರೆ ಸೀಮೆಯಿಂದ ಕೆಲಸ ಹುಡುಕಿಕೊಂಡು ಬಂದವರು. ಅವರು ಯಾರು, ಎಲ್ಲಿಂದ ಬಂದರು ಎಂಬುದು ಒಂಬೈನೂರು ವರ್ಷಗಳ ನಂತರವೂ ನಮಗೆ ಗೊತ್ತು, ಏಕೆಂದರೆ ಬರೆದಿಡಲು ಅವರಿಗೆ ಜಾಗ ಕೊಟ್ಟಿದ್ದರು.

ಅದೇ ಬೇಲೂರು ತಾಲ್ಲೂಕಿನ ಪಡುವಣ ಭಾಗಕ್ಕೆ, ಬಿಕ್ಕೋಡು, ಅರೇಹಳ್ಳಿಯ ಕಡೆಗೆ, ಡಿಸೆಂಬರ್‌ನಲ್ಲಿ ಹೋದರೆ ಕಾಫಿ ಕುಯ್ಲಿನ ಸಂಜೆ ಹೀಗಿರುತ್ತದೆ: ತೋಟದಿಂದ ಚೀಲ ಹೊತ್ತು ಬಂದವರು ಕಣದ ಅಂಚಿನಲ್ಲಿ ಸಾಲಾಗಿ ಕೂರುತ್ತಾರೆ, ಹಣ್ಣನ್ನು ಟಾರ್ಪಾಲಿನ ಮೇಲೆ ಸುರಿದು ಹಸಿರು ಕಾಯಿ, ಎಲೆ, ಕಡ್ಡಿ ಆರಿಸುತ್ತಾರೆ, ಕೊಕ್ಕೆಗೆ ಚೀಲ ಸಿಕ್ಕಿಸಿದಂತೆ ತೂಕ ಕೂಗುತ್ತಾರೆ, ಮೇಸ್ತ್ರಿ ಬರೆದುಕೊಳ್ಳುತ್ತಾನೆ. ಆ ನೋಟ್‌ಬುಕ್ಕಿನಲ್ಲಿ ಕೆ.ಜಿ. ಲೆಕ್ಕ ಪಕ್ಕಾ ಇರುತ್ತದೆ, ಅಡ್ವಾನ್ಸ್ ಕಳೆದ ಲೆಕ್ಕವೂ ಇರುತ್ತದೆ. ತೂಗಿದವರ ಊರು, ತಾಲ್ಲೂಕು, ಪೂರ್ತಿ ಹೆಸರು ಇರುವುದು ಅಪರೂಪ. ಅಸ್ಸಾಂ, ಬಂಗಾಳ, ಬಿಹಾರ, ಜಾರ್ಖಂಡ್, ಒಡಿಶಾ, ಎಲ್ಲಿಂದ ಬಂದರೂ ಅವರಿಗೆ ಊರು ಇಟ್ಟಿರುವ ಹೆಸರು ಒಂದೇ: ‘ಹಿಂದಿಯವರು’. ಇವರಲ್ಲಿ ಎಷ್ಟೋ ಜನರ ಮನೆಮಾತು ಅಸ್ಸಾಮಿ, ಬಂಗಾಳಿ, ಸಂತಾಲಿ ಎಂಬುದು ಯಾರಿಗೂ ಬೇಕಿಲ್ಲ. ಏನಾದರೂ ಕಳವಾದರೆ, ಗಲಾಟೆಯಾದರೆ, ಅಥವಾ ಟಿ.ವಿ.ಯಲ್ಲಿ ಏನೋ ಬಂದರೆ, ಅದೇ ಜನ ಒಂದು ರಾತ್ರಿಯಲ್ಲಿ ‘ಬಾಂಗ್ಲಾದವರು’ ಆಗುತ್ತಾರೆ.

ಒಕ್ಕಲುತನದ ಊರುಗಳು ಹೊರಗಿನವರನ್ನು ಹೇಗೆ ಒಳಗೆ ಬಿಟ್ಟುಕೊಳ್ಳುತ್ತವೆ ಎಂಬ ಮಾತು ಬಂದಾಗ ನಾವು ಸಾಮಾನ್ಯವಾಗಿ ಮನಸ್ಸಿನ ಬಗ್ಗೆ ಮಾತಾಡುತ್ತೇವೆ. ದೊಡ್ಡ ಮನಸ್ಸು, ಸಹನೆ, ಅತಿಥಿ ಸತ್ಕಾರ, ‘ಕನ್ನಡಿಗರು ಎಲ್ಲರನ್ನೂ ಅಪ್ಪಿಕೊಂಡವರು’ ಇತ್ಯಾದಿ. ನನ್ನ ವಾದ ಅದಕ್ಕಿಂತ ಒಣಕಲು. ಊರು ಸೇರುವ ದಾರಿ ಮೊದಲು ಕಾಗದದ ಮೇಲೆ ಹಾದುಹೋಗುತ್ತದೆ: ಪಹಣಿ, ಗುತ್ತಿಗೆ ಪತ್ರ, ಪಡಿತರ ಚೀಟಿ, ಶಾಲೆಯ ಹಾಜರಿ, ಮತದಾರರ ಪಟ್ಟಿ. ಕಾಗದ ಸಿಕ್ಕವನ ಹತ್ತಿರ ನೆರೆಯವರು ನಿಧಾನಕ್ಕೆ ಮಾತಿಗೆ ಕೂರುತ್ತಾರೆ. ಸಿಗದವನು ಮೂವತ್ತು ವರ್ಷ ಇದ್ದರೂ ನಿನ್ನೆ ಬಂದವನೇ. ಇದನ್ನು ತೋರಿಸಲು ಮಲೆನಾಡಿನ ಅಂಚಿನಿಂದ ಬಲು ದೂರ, ಕ್ಯಾಲಿಫೋರ್ನಿಯಾದ ಹೊಲಗಳಿಗೆ ಹೋದ ಸಿಖ್ಖರ ಕತೆಗಿಂತ ಒಳ್ಳೆಯ ಸಾಕ್ಷಿ ನನಗೆ ಕಾಣಲಿಲ್ಲ. ಆ ಕತೆಯಲ್ಲಿ ಒಬ್ಬೊಬ್ಬರ ಒಳ್ಳೆಯತನ, ಕೆಟ್ಟತನಕ್ಕಿಂತ ಕಾಯ್ದೆಗಳ ಇಸವಿಗಳೇ ಹೆಚ್ಚು ಮಾತಾಡುತ್ತವೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಂಜಾಬಿನಿಂದ ಹೊರಟ ಗಂಡಸರು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇಳಿದರು. ಹೆಚ್ಚಿನವರು ಸಿಖ್ಖರು, ಒಕ್ಕಲು ಮನೆತನದವರು. ಅಲ್ಲಿಯವರು ಇವರಿಗೆಲ್ಲ ಇಟ್ಟ ಹೆಸರು ‘ಹಿಂದೂ’. ಸಿಖ್ಖನಿರಲಿ, ಮುಸಲ್ಮಾನನಿರಲಿ, ಹಿಂದೂಸ್ತಾನದಿಂದ ಬಂದವನೆಂದರೆ ಹಿಂದೂ. ನಮ್ಮ ‘ಹಿಂದಿಯವರು’ ಎಂಬ ಮಾತಿಗೂ ಅದಕ್ಕೂ ಹೆಚ್ಚು ದೂರವಿಲ್ಲ. 1907ರ ಸೆಪ್ಟೆಂಬರ್ 4ರಂದು ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಪಟ್ಟಣದಲ್ಲಿ ಸುಮಾರು ಐನೂರು ಜನ ಬಿಳಿಯರು ಮರದ ಮಿಲ್ಲುಗಳ ಪಂಜಾಬಿ ಕೂಲಿಗಳನ್ನು ಮಲಗಿದಲ್ಲಿಂದ ಎಳೆದು ಹೊಡೆದು ಊರು ಬಿಡಿಸಿದರು. ಕಡಿಮೆ ಕೂಲಿಗೆ ದುಡಿದು ನಮ್ಮ ಅನ್ನ ಕಸಿಯುತ್ತಾರೆ ಎಂಬುದು ಅವರ ದೂರು. ಮಿಲ್ಲು, ರೈಲು ಹಳಿಯ ಕೆಲಸ ಬಿಟ್ಟವರು ತೆಂಕಣಕ್ಕೆ, ಕ್ಯಾಲಿಫೋರ್ನಿಯಾದ ಹೊಲಗಳಿಗೆ ಇಳಿದರು. ಮರುಭೂಮಿಗೆ ಕೊಲರಾಡೊ ನದಿಯ ನೀರು ಹಾಯಿಸಿದ್ದ ಇಂಪೀರಿಯಲ್ ಕಣಿವೆ, ಭತ್ತ ಮತ್ತು ಹಣ್ಣಿನ ಸ್ಯಾಕ್ರಮೆಂಟೊ ಕಣಿವೆ ಅವರಿಗೆ ಒಗ್ಗಿದವು. ನಾಲೆ ನೀರಿನ ಸೀಮೆಯಿಂದ ಬಂದವರಿಗೆ ಮಡಿ ಕಟ್ಟುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಕೂಲಿ ಮಾಡಿದರು, ಪಾಲುದಾರಿಕೆಯಲ್ಲಿ ಗುತ್ತಿಗೆ ಹಿಡಿದರು, ನೆಲ ಕೊಳ್ಳತೊಡಗಿದರು. 1912ರಲ್ಲಿ ಸ್ಟಾಕ್‌ಟನ್‌ನಲ್ಲಿ ಅಮೆರಿಕದ ಮೊದಲ ಗುರುದ್ವಾರ ಎದ್ದಿತು.

ಬೆವರಿಗೆ ಬೆಲೆ ಸಿಗುತ್ತದೆ, ಒಳ್ಳೆಯ ಬೆಳೆಗಾರನನ್ನು ಊರು ತಾನಾಗಿ ಒಪ್ಪುತ್ತದೆ ಎನ್ನುವವರು ಇಲ್ಲಿಂದ ಮುಂದಿನದನ್ನು ಗಮನಿಸಬೇಕು. ಇವರು ಚೆನ್ನಾಗಿ ಬೆಳೆದದ್ದೇ ಹೊಟ್ಟೆಕಿಚ್ಚಿಗೆ ಕಾರಣವಾಯಿತು. 1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಭೂ ಕಾಯ್ದೆ ತಂದಿತು: ಪೌರತ್ವಕ್ಕೆ ಅರ್ಹರಲ್ಲದ ಪರಕೀಯರು ಕೃಷಿ ಭೂಮಿ ಕೊಳ್ಳುವಂತಿಲ್ಲ. ಜಪಾನೀಯರ ಮೇಲೆ ಕಣ್ಣಿಟ್ಟು ಮಾಡಿದ ಕಾಯ್ದೆ ಅದು; 1920ರಲ್ಲಿ ಗುತ್ತಿಗೆಯ ಕಿಂಡಿಯನ್ನೂ ಮುಚ್ಚಿದರು. 1917ರಲ್ಲಿ ಭಾರತದಿಂದ ಹೊಸದಾಗಿ ಬರುವುದಕ್ಕೇ ಬಾಗಿಲು ಬಿತ್ತು. ಕೊನೆಗೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಕಾಯ್ದೆಯ ಅರ್ಥದಲ್ಲಿ ‘ಬಿಳಿಯರು’ ಅಲ್ಲ, ಆದ್ದರಿಂದ ಪೌರರಾಗಲಾರರು ಎಂದಿತು. ಥಿಂಡ್ ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದವರು. ಪೌರತ್ವ ಇಲ್ಲವೆಂದ ಮೇಲೆ ನೆಲವೂ ಇಲ್ಲ. ಒಂದು ತೀರ್ಪಿನಿಂದ ಹತ್ತು ಹದಿನೈದು ವರ್ಷ ಉತ್ತವರು ಕಾಗದದಲ್ಲಿ ಯಾರೂ ಅಲ್ಲದವರಾದರು.

ಆಮೇಲೆ ಅವರು ಮಾಡಿದ್ದು ನಮ್ಮ ಕಡೆಯ ರೈತರಿಗೆ ಚೆನ್ನಾಗಿ ಅರ್ಥವಾಗುವಂಥದ್ದು: ಬೇನಾಮಿ. ನಂಬಿಕೆಯ ಬಿಳಿಯ ವಕೀಲ, ವ್ಯಾಪಾರಿ, ಬ್ಯಾಂಕಿನವರ ಹೆಸರಿನಲ್ಲಿ ಜಮೀನು ಇಟ್ಟು ಉತ್ತರು. ಹೆಂಡತಿಯರನ್ನು ಪಂಜಾಬಿನಿಂದ ಕರೆಸುವಂತಿರಲಿಲ್ಲ. ಬಿಳಿಯರನ್ನು ಮದುವೆಯಾಗಲು ಕಾಯ್ದೆ ಬಿಡುತ್ತಿರಲಿಲ್ಲ. ನೂರಾರು ಜನ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಲೈಸೆನ್ಸ್ ಬರೆಯುವ ಗುಮಾಸ್ತನ ಕಣ್ಣಿಗೆ ಇಬ್ಬರ ಮೈಬಣ್ಣವೂ ಒಂದೇ ಆಗಿ ಕಂಡಿದ್ದು ಅನುಕೂಲವೇ ಆಯಿತು. ಅಲ್ಲೇ ಹುಟ್ಟಿದ ಮಕ್ಕಳು ಹುಟ್ಟಿನಿಂದ ಅಮೆರಿಕನ್ನರು, ಹಾಗಾಗಿ ಎಷ್ಟೋ ಜಮೀನು ಆ ಮಕ್ಕಳ ಹೆಸರಿಗೆ ಹೋಯಿತು. ಮಾನವಶಾಸ್ತ್ರಜ್ಞೆ ಕ್ಯಾರೆನ್ ಲಿಯೊನಾರ್ಡ್ ಈ ಪಂಜಾಬಿ–ಮೆಕ್ಸಿಕನ್ ಮನೆಗಳ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಅಮ್ಮನ ಇಗರ್ಜಿ, ಅಪ್ಪನ ಗುರುದ್ವಾರ, ಅಡುಗೆಮನೆಯಲ್ಲಿ ಸ್ಪ್ಯಾನಿಷ್. ಇಂಥ ಕೌಟುಂಬಿಕ ಬೆರಕೆಯನ್ನು ನಾವು ಪ್ರೀತಿಯ ಗೆಲುವೆಂದು ಹಾಡಿ ಹೊಗಳಬಹುದು. ಆದರೆ ಅದು ಅರ್ಧ ಕಾಯ್ದೆ ಹಾಕಿದ ಬೇಲಿಯೊಳಗೆ ಹುಟ್ಟಿದ ಬದುಕು. ಮಾಲೀಕನಾಗಿ ಹೆಸರು ಕೊಟ್ಟವನು ಕೈ ಎತ್ತಿದರೆ ಇಡೀ ದುಡಿಮೆ ನೀರುಪಾಲು.

ಇದಾದ ಮೇಲೆ ತಿರುವು ಬಂದದ್ದು 1946ರಲ್ಲಿ. ಆ ವರ್ಷದ ಲ್ಯೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟಿತು, ವರ್ಷಕ್ಕೆ ನೂರು ಜನರಿಗೆ ಬರಲು ದಾರಿ ಬಿಟ್ಟಿತು. ದಲೀಪ್ ಸಿಂಗ್ ಸೌಂದ್ ಎಂಬವರ ಬದುಕಿನ ಇಸವಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1920ರಲ್ಲಿ ಅಮೆರಿಕಕ್ಕೆ ಬಂದರು, ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು, ತಕ್ಕ ಕೆಲಸ ಸಿಗದೆ ಇಂಪೀರಿಯಲ್ ಕಣಿವೆಯ ವೆಸ್ಟ್‌ಮೋರ್‌ಲ್ಯಾಂಡ್‌ನಲ್ಲಿ ಬೇಸಾಯಕ್ಕೆ ನಿಂತರು. ಊರಿನವರಿಗೆ ಬೇಕಾದ ಮನುಷ್ಯ, ಒಳ್ಳೆಯ ಮಾತುಗಾರ. ಇಪ್ಪತ್ತಕ್ಕೂ ಹೆಚ್ಚು ವರ್ಷ ಇಷ್ಟೆಲ್ಲ ಆಗಿದ್ದರೂ ಒಂದು ಮತ ಹಾಕುವಂತಿರಲಿಲ್ಲ. 1949ರ ಕೊನೆಗೆ ಪೌರತ್ವ ಸಿಕ್ಕಿತು. 1950ರಲ್ಲಿ ಊರಿನ ನ್ಯಾಯಾಧೀಶರ ಸ್ಥಾನಕ್ಕೆ ನಿಂತು ಗೆದ್ದರು. ಪೌರತ್ವ ಸಿಕ್ಕು ಒಂದು ವರ್ಷ ತುಂಬಿಲ್ಲವೆಂದು ಸ್ಥಾನ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು. 1956ರ ನವೆಂಬರ್ 6ರಂದು ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಏಷ್ಯಾ ಮೂಲದವರಾದರು. ಅದೇ ಚುನಾವಣೆಯಲ್ಲಿ, ಅದೇ ದಿನ, ಕ್ಯಾಲಿಫೋರ್ನಿಯಾದ ಮತದಾರರು ಪರಕೀಯರ ಮೇಲಿನ ಆ ಭೂ ಕಾಯ್ದೆಯನ್ನೂ ಕಿತ್ತುಹಾಕಿದರು. ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾಗಿ ಆಗಿನ್ನೂ ಐದು ದಿನ. ಮೂವತ್ತು ವರ್ಷ ಅದೇ ಕಣಿವೆಯಲ್ಲಿ ಅದೇ ಮನುಷ್ಯ ಅದೇ ನೆರೆಯವರ ನಡುವೆ ಇದ್ದ. ಬದಲಾಗಿದ್ದು ಅವನ ಕೈಯಲ್ಲಿದ್ದ ಕಾಗದ.

ಅದು ಪರದೇಶ, ನಮ್ಮಲ್ಲಿ ಎಲ್ಲರೂ ಭಾರತೀಯರೇ ಅಲ್ಲವೇ ಎಂದು ಕೇಳಬಹುದು. ಇದೇ ಸಿಖ್ ರೈತರಿಗೆ ಭಾರತದೊಳಗೆ ಏನಾಯಿತು ಎಂಬುದಕ್ಕೆ ಕಛ್ ಇದೆ. 1965ರ ಯುದ್ಧದ ನಂತರ ಗಡಿಯ ಬರಡು ನೆಲವನ್ನು ಉಳಲು ಪಂಜಾಬ್, ಹರಿಯಾಣದ ರೈತರಿಗೆ ಸರ್ಕಾರವೇ ಕರೆ ಕೊಟ್ಟಿತು. ಬಂದವರು ಬೋರು ಕೊರೆದು ಹಸಿರು ಮಾಡಿದರು. ಎರಡು ತಲೆಮಾರು ಕಳೆದ ಮೇಲೆ, 2010ರಲ್ಲಿ, ನೀವು ಗುಜರಾತಿನ ಕೃಷಿಕರಲ್ಲ ಎಂದು ಹಳೆಯ ಮುಂಬಯಿ ಗೇಣಿ ಕಾಯ್ದೆಯ ಹೆಸರಿನಲ್ಲಿ ಅವರ ಖಾತೆಗಳನ್ನು ತಡೆಹಿಡಿಯಲಾಯಿತು. 2012ರಲ್ಲಿ ಹೈಕೋರ್ಟು ರೈತರ ಪರವಾಗಿ ಹೇಳಿತು, ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಬಿತ್ತಿದವನಿಗೆ ಬೆಳೆಸಾಲ ಸಿಗುತ್ತಿರಲಿಲ್ಲ, ಮಾರುವಂತಿರಲಿಲ್ಲ, ಮಕ್ಕಳ ಹೆಸರಿಗೆ ಮಾಡುವಂತಿರಲಿಲ್ಲ. ಇಲ್ಲಿ ಪಗಡಿಯ ಮೇಲಿನ ದ್ವೇಷಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕಡತದ ಒಂದು ಷರಾ. ನಮ್ಮ ರಾಜ್ಯದಲ್ಲೂ ‘ಕೃಷಿಕನಲ್ಲದವನು’ ಎಂಬ ಬೇಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳಲ್ಲಿ 2020ರ ತನಕ ಇತ್ತು ಎಂಬುದನ್ನು ನೆನೆಯಬಹುದು, ಅದನ್ನು ತೆಗೆದದ್ದು ಕೂಲಿಯವನ ಅನುಕೂಲಕ್ಕಾಗಿ ಅಲ್ಲ ಎಂಬುದು ಬೇರೆ ಮಾತು.

ಇನ್ನೂ ಹತ್ತಿರ ಬರೋಣ. ಅರಸೀಕೆರೆ, ಕಡೂರು ಸೀಮೆಯ ಲಂಬಾಣಿ ತಾಂಡಾಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಬಡಗಣದಿಂದ ಬಂದು, ಆ ವ್ಯಾಪಾರ ನಿಂತ ಮೇಲೆ ಇದ್ದಲ್ಲೇ ನೆಲೆಯೂರಿದವರು. ತಲೆಮಾರುಗಳಿಂದ ಇದ್ದರೂ ತಾಂಡಾ ಕಂದಾಯ ಗ್ರಾಮವಾಗಿರಲಿಲ್ಲ. ಮನೆ ನಿಂತ ನೆಲ ಯಾರದೋ ಸರ್ವೆ ನಂಬರಿನೊಳಗೆ, ಇಲ್ಲವೇ ಸರ್ಕಾರದ ಲೆಕ್ಕದಲ್ಲಿ. ಮತ ಹಾಕಬಹುದು, ಸಾಲ ಕೇಳುವಂತಿಲ್ಲ. ವಾಸಿಸುವವನೇ ನೆಲದೊಡೆಯ ಎಂಬ ತಿದ್ದುಪಡಿ ಭೂ ಸುಧಾರಣಾ ಕಾಯ್ದೆಗೆ ಬಂದ ನಂತರವೇ ರಾಜ್ಯದ ತಾಂಡಾ, ಹಟ್ಟಿ, ಹಾಡಿಗಳು ಕಂದಾಯ ಗ್ರಾಮಗಳಾಗತೊಡಗಿದ್ದು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದ್ದು. ಕನ್ನಡ ಕಲಿತು, ಕನ್ನಡದ ಜಾತ್ರೆಗಳಲ್ಲಿ ಕುಣಿದು, ಕನ್ನಡದ ಹೊಲಗಳಲ್ಲಿ ದುಡಿದು, ಆಮೇಲೂ ಅಷ್ಟು ಕಾಯಬೇಕಾಯಿತು ಎಂದರೆ, ಬೆರೆತರೆ ಸಾಕು ತಾನಾಗಿ ಎಲ್ಲ ಆಗುತ್ತದೆ ಎನ್ನುವ ಮಾತಿಗೆ ಬಲವಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಬೇಗ ಬೆರೆತವರೂ ನಮ್ಮ ಹಾಸನ ಜಿಲ್ಲೆಯಲ್ಲೇ ಇದ್ದಾರೆ. ಹಾಸನದ ಪಕ್ಕದ ಕೌಶಿಕದ ಸಂಕೇತಿಗಳು ತಮಿಳುನಾಡಿನ ತೆಂಕಣ ತುದಿಯಿಂದ ಬಂದು ಅಡಿಕೆ ತೋಟ ಮಾಡಿದವರು, ಮನೆಯಲ್ಲಿ ಇಂದಿಗೂ ಸಂಕೇತಿ ಮಾತಾಡುತ್ತಾರೆ. ಹಾಸನದ ಹಳ್ಳಿಯನ್ನು ಕನ್ನಡಕ್ಕೆ ಕಟ್ಟಿಕೊಟ್ಟ ಗೊರೂರು ರಾಮಸ್ವಾಮಿ ಅಯ್ಯಂಗಾರರ ಸಮುದಾಯದ ಮನೆಮಾತು ತಮಿಳಿನ ಒಂದು ಬಗೆ. ‘ಹಳ್ಳಿಯ ಚಿತ್ರಗಳು’ ಓದಿ ಇದು ಹೊರಗಿನವರ ಕಣ್ಣು ಎಂದವರಿಲ್ಲ. ನೋಡಿ, ನಮ್ಮ ನೆಲದ ಗುಣ ಹೀಗೆ ಎಂದು ಇಲ್ಲಿಗೆ ನಿಲ್ಲಿಸಿಬಿಡುವುದು ಸುಲಭ. ಆದರೆ ಈ ಬಗೆಯ ಸಮುದಾಯಗಳಿಗೆ ಅಗ್ರಹಾರ ಸಿಕ್ಕಿತ್ತು, ಮಾನ್ಯದ ಭೂಮಿ ಸಿಕ್ಕಿತ್ತು, ದತ್ತಿಯನ್ನು ಕಲ್ಲಿನಲ್ಲಿ ಕೊರೆದು ಸೂರ್ಯಚಂದ್ರರಿರುವ ತನಕ ಎಂದು ಬರೆದುಕೊಡುವ ರೂಢಿ ಇತ್ತು. ಹಕ್ಕುಪತ್ರದ ಹಳೆಯ ಹೆಸರು ಶಾಸನ. ಜಾತಿಯಿಂದ ಸಿಕ್ಕ ಆ ಸವಲತ್ತನ್ನು ಮರೆತು, ಅಸ್ಸಾಮಿನ ಚಹಾ ತೋಟದ ಕೂಲಿಯ ಮಗನಿಗೆ ‘ಅವರ ಹಾಗೆ ನೀನೂ ಬೆರೆ’ ಎಂದು ಹೇಳುವುದು ನ್ಯಾಯವಲ್ಲ.

ಹುಲಿಕೆರೆ, ಹಳೇಬೀಡಿನ ಸುತ್ತ ಕಾಫಿಗಿಂತ ಶುಂಠಿಯ ಮಾತು ಹೆಚ್ಚು. ಅಂಗಮಾರಿಯ ಕಾಟಕ್ಕೆ ಆಲೂಗಡ್ಡೆಯಲ್ಲಿ ಕೈಸುಟ್ಟುಕೊಂಡ ಹಾಸನದ ರೈತರು ಜೋಳಕ್ಕೆ, ಶುಂಠಿಗೆ ಹೊರಳಿದರು. ಕೇರಳದವರು ಬಂದು ಜಮೀನು ಗುತ್ತಿಗೆ ಹಿಡಿದರು. 2023ರಲ್ಲಿ ಶುಂಠಿ ಬೆಲೆ ಏರಿದಾಗಂತೂ ಹಿಡಿ ಜಮೀನಿಗೂ ಪೈಪೋಟಿ. ‘ಮಲಯಾಳಿಗಳು ಬಂದು ಔಷಧಿ ಹೊಡೆದು ನೆಲ ಕೆಡಿಸಿ ಹೋದರು’ ಎಂಬ ಸಿಟ್ಟು ಆ ಕಡೆ ಚಹಾದಂಗಡಿಯ ಮಾತು. ಸಿಟ್ಟಿನಲ್ಲಿ ಸತ್ಯವಿದೆ. ಆದರೆ ಈ ಗುತ್ತಿಗೆಗಳಲ್ಲಿ ಹೆಚ್ಚಿನವು ಬರೀ ಬಾಯಿಮಾತಿನವು ಏಕೆ? ‘ಉಳುವವನೇ ಹೊಲದೊಡೆಯ’ ಎಂದು 1974ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಆಗ ಅದು ಬೇಕಾಗಿತ್ತು. ಗೇಣಿದಾರರ ಬದುಕು ಬದಲಿಸಿದ ಕಾಯ್ದೆ ಅದು. ಈಗ ಅದೇ ಕಾಯ್ದೆಯಿಂದಾಗಿ ಪತ್ರ ಬರೆದರೆ ಜಮೀನು ಹೋದೀತೆಂದು ಮಾಲೀಕನಿಗೆ ಭಯ, ಬರೆಯದಿದ್ದರೆ ಬೆಳೆ ಹೋದೀತೆಂದು ಹಿಡಿದವನಿಗೆ ಭಯ. ಇಷ್ಟೇ ಔಷಧಿ, ಕೊನೆಗೆ ಇಷ್ಟು ಗೊಬ್ಬರ ಹಾಕಿ ನೆಲ ಬಿಟ್ಟುಕೊಡಬೇಕು ಎಂದು ಕರಾರು ಹಾಕಲು ಕಾಗದವೇ ಇಲ್ಲ. ಒಂದೂವರೆ ವರ್ಷಕ್ಕೆ ಬಂದುಹೋಗುವವನಿಗೆ ಮಣ್ಣಿನ ಮೇಲೆ ಮಮತೆ ಎಲ್ಲಿಂದ ಬರಬೇಕು? ಕೇರಳದವನಾಗಲಿ ಪಕ್ಕದೂರಿನವನಾಗಲಿ ಹಾಗೇ ಮಾಡುತ್ತಾನೆ. ದೋಷವನ್ನು ಅವನ ಭಾಷೆಗೆ ಅಂಟಿಸಿದ್ದು ನಾವು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಎಲ್ಲಕ್ಕಿಂತ ತೂಕದ್ದು ಕೂಲಿಯದು. ಹೊರಗಿನವರು ಕಡಿಮೆಗೆ ಬರುತ್ತಾರೆ, ಸ್ಥಳೀಯ ಹೆಂಗಸರ, ಅದರಲ್ಲೂ ದಲಿತ ಕೇರಿಯವರ, ಕೂಲಿ ಏರಲು ಬಿಡುವುದಿಲ್ಲ ಎಂಬ ಮಾತನ್ನು ತಳ್ಳಿಹಾಕುವುದು ತಪ್ಪು. ಬೆಲಿಂಗ್‌ಹ್ಯಾಮ್‌ನ ಬಿಳಿಯ ಕಾರ್ಮಿಕರ ದೂರೂ ಇದೇ ಆಗಿತ್ತು, ದೂರು ಸುಳ್ಳಲ್ಲ, ಮದ್ದು ತಪ್ಪು. ಕಡಿಮೆಗೆ ದುಡಿಯುವವನು ಯಾರು? ಹೊರಡುವಾಗಲೇ ಮೇಸ್ತ್ರಿಯ ಅಡ್ವಾನ್ಸ್ ತಿಂದವನು, ಲೈನ್ ಮನೆಯಿಂದ ಇಂದು ರಾತ್ರಿಯೇ ಹೊರಹಾಕಬಹುದಾದವನು, ಕಾರ್ಮಿಕ ಇಲಾಖೆಯ ಯಾವ ಪಟ್ಟಿಯಲ್ಲೂ ಇಲ್ಲದವನು. ಅವನನ್ನು ದಾಖಲೆಗೆ ತಂದರೆ ಕನಿಷ್ಠ ಕೂಲಿ ಇಬ್ಬರಿಗೂ ಒಂದೇ ಆಗುತ್ತದೆ. ಆಮೇಲೆ ಸ್ಥಳೀಯರನ್ನು ಬಿಟ್ಟು ದೂರದವರನ್ನು ಕರೆತರುವುದರಲ್ಲಿ ತೋಟದವನಿಗೆ ಅಷ್ಟು ಲಾಭವಿರುವುದಿಲ್ಲ. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದು ನೋಂದಣಿ, ಪಾಸ್‌ಬುಕ್, ಪ್ರಯಾಣ ಭತ್ಯೆ ಎಲ್ಲ ಬರೆದಿಟ್ಟಿತು. ಅದಕ್ಕೂ ಮೊದಲು 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಆಸ್ಪತ್ರೆ, ಶಿಶುವಿಹಾರ ಕೊಡಬೇಕೆಂದಿತ್ತು. ಆದರೆ ಐದು ಹೆಕ್ಟೇರಿಗಿಂತ ಚಿಕ್ಕ ತೋಟಕ್ಕೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ, ಮತ್ತು ನಮ್ಮ ಬೆಳೆಗಾರರಲ್ಲಿ ಹೆಚ್ಚಿನವರು ಚಿಕ್ಕವರೇ. ಅವರಿಗೂ ಹೊಟ್ಟೆಪಾಡಿದೆ ಎಂಬುದು ನಿಜ. ಆದರೂ ಒಂದು ಮಾತು ಹೇಳಿಬಿಡಬೇಕು: ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ ಅದನ್ನೇ ಗುತ್ತಿಗೆಗೆ ಕೊಡುವ ದಾರಿಯನ್ನು ಇದೇ ವಿಧಾನಸೌಧ ಹುಡುಕಿಕೊಟ್ಟಿದೆ. ಕಾಗದ ಮಾಡಿಕೊಡುವ ಕಲೆ ನಮ್ಮ ಆಡಳಿತಕ್ಕೆ ಗೊತ್ತಿಲ್ಲವೆಂದಲ್ಲ.

ಎರಡನೆಯದು ಬಾಂಗ್ಲಾದ ಮಾತು. ದಾಖಲೆಯಿಲ್ಲದೆ ಗಡಿ ದಾಟಿ ಬಂದವರು ಇರಬಹುದು. ಪತ್ತೆ ಮಾಡುವ ಹಕ್ಕು ಸರ್ಕಾರಕ್ಕಿದೆ, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ತೋಟದ ಗೇಟಿನಲ್ಲಿ ನಿಂತು ಆಧಾರ್ ಕೇಳುವ ಖಾಸಗಿ ಉತ್ಸಾಹದ ಬಗ್ಗೆ. 2019ರ ಆಗಸ್ಟ್‌ನಲ್ಲಿ ಅಸ್ಸಾಮಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಷ್ಟು ವರ್ಷ, ಅಷ್ಟು ಸಿಬ್ಬಂದಿ, ಸುಪ್ರೀಂ ಕೋರ್ಟಿನ ಮೇಲುಸ್ತುವಾರಿ ಇದ್ದೂ ಆ ಪಟ್ಟಿಯನ್ನು ಅಸ್ಸಾಮಿನಲ್ಲಿ ಯಾವ ಪಕ್ಷವೂ ಪೂರ್ತಿ ಒಪ್ಪಲಿಲ್ಲ. ಅಲ್ಲಿ ಬಗೆಹರಿಯದ್ದನ್ನು ಬೇಲೂರಿನ ಬಸ್ ನಿಲ್ದಾಣದಲ್ಲಿ ಲುಂಗಿ, ಗಡ್ಡ, ಉಚ್ಚಾರಣೆ ನೋಡಿ ಬಗೆಹರಿಸುತ್ತೇವೆ ಎಂದರೆ ನಗಬೇಕಾಗುತ್ತದೆ. ಗಡಿ ದಾಟಿ ಬಂದವರನ್ನು ಬಿಟ್ಟರೆ ಉಳಿದವರೆಲ್ಲ ಈ ದೇಶದ ಪ್ರಜೆಗಳು. ದೇಶದ ಯಾವ ಮೂಲೆಯಲ್ಲಾದರೂ ನೆಲೆಸಬಹುದು ಎಂದು ಸಂವಿಧಾನದ 19ನೇ ವಿಧಿ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಸಿಖ್ಖರಿಗೆ ಇದೊಂದು ಇರಲಿಲ್ಲ. ಇಲ್ಲಿ ಹಕ್ಕು ಇದೆ, ಅದನ್ನು ಕೈಗೆ ಎಟುಕಿಸುವ ಕೆಳಗಿನ ಮೆಟ್ಟಿಲುಗಳಿಲ್ಲ.

ಕನ್ನಡದ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹತ್ತು ವರ್ಷ ಇಲ್ಲಿದ್ದು ಕನ್ನಡದ ನಾಲ್ಕು ಮಾತು ಬಾರದವರ ಬಗ್ಗೆ ಬೇಸರ ಸಹಜ. ಆದರೆ ಆ ಬೇಸರ ಬೆಂಗಳೂರಿನ ಐ.ಟಿ. ಕಚೇರಿಗೆ ಹೆಚ್ಚು ಸಲ್ಲುತ್ತದೆ. ತೋಟದ ಕೂಲಿಗೆ ಕನ್ನಡ ಬೇಕೇ ಬೇಕು, ಆದರೆ ಮೂರು ತಿಂಗಳಿಗೆ ಬಂದು ಹೋಗುವವನು, ಮೇಸ್ತ್ರಿಯೊಬ್ಬನ ಬಾಯಿಂದಲೇ ಲೋಕ ಕಾಣುವವನು, ಅಂಗಡಿಗೆ ಹೋಗಲೂ ಭಾನುವಾರದ ತನಕ ಕಾಯುವವನು, ಎಲ್ಲಿ ಕಲಿಯಬೇಕು? ಭಾಷೆ ಊರಿಗೆ ಬರುವುದು ಮಕ್ಕಳಿಂದ. ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲೆಗೊಂಡ ಬಂಗಾಳಿ ನಿರಾಶ್ರಿತರ ಮಕ್ಕಳು, ಬೈಲುಕುಪ್ಪೆಯ ಟಿಬೆಟನ್ನರ ಅಂಗಡಿಗಳಲ್ಲಿ ಕೂರುವ ಹುಡುಗರು ಕನ್ನಡ ಕಲಿತದ್ದು ಅಲ್ಲೇ ಉಳಿಯುತ್ತೇವೆಂಬ ಭರವಸೆ ಸಿಕ್ಕ ಮೇಲೆ. ಬೈಲುಕುಪ್ಪೆಯ ಕಾಡನ್ನು 1960ರ ಹೊತ್ತಿಗೆ ಆಗಿನ ಮೈಸೂರು ರಾಜ್ಯ ಬರೆದುಕೊಟ್ಟಿತ್ತು. ಸಿಂಧನೂರಿನವರಿಗೆ ಜಮೀನು ಮಂಜೂರಾಗಿತ್ತು, ಪೌರತ್ವದ ಪತ್ರಕ್ಕೆ ಮಾತ್ರ ಕೆಲವರು ಮೊನ್ನೆ ಮೊನ್ನೆಯ ತನಕ ಅಲೆಯಬೇಕಾಯಿತು.

ಕಾಗದ ಇದ್ದರೆ ಎಲ್ಲ ಮುಗಿಯಿತು ಎಂದು ನಾನು ಹೇಳುತ್ತಿಲ್ಲ. 2001ರ ಸೆಪ್ಟೆಂಬರ್ 11ರ ನಾಲ್ಕೇ ದಿನಕ್ಕೆ ಅರಿಜೋನಾದಲ್ಲಿ ಸಿಖ್ ಪೆಟ್ರೋಲ್ ಬಂಕ್ ಮಾಲೀಕರೊಬ್ಬರನ್ನು ಪಗಡಿ ನೋಡಿ ಗುಂಡಿಟ್ಟು ಕೊಂದರು. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ದಾಳಿಗೆ ಸಿಕ್ಕವರ ಹತ್ತಿರ ಪತ್ರಗಳು ಇದ್ದವು. ನಾನಕ್ ಝೀರಾ ಗುರುದ್ವಾರದ ಊರಾದ ಬೀದರ್‌ನಲ್ಲಿ, ಗುರುವಿನ ಐವರು ‘ಪ್ಯಾರೇ’ಗಳಲ್ಲಿ, ಅಂದರೆ ಪ್ರಿಯ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಅವರ ತವರೆಂದು ಸಿಖ್ಖರು ನೆನೆಯುವ ಊರಿನಲ್ಲಿ, 1988ರ ಸೆಪ್ಟೆಂಬರ್‌ನಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳನ್ನು ಕೊಂದದ್ದು ನಮ್ಮ ರಾಜ್ಯದ ಚರಿತ್ರೆಯ ಪುಟ. ನಾವು ಅದನ್ನು ಬೇಗ ಮಗುಚಿದೆವು. ಆದರೆ ಪತ್ರವಿಲ್ಲದವನಿಗೆ ಆಗುವುದು ಇನ್ನೊಂದು ಬಗೆಯದು. ಇಟಲಿಯ ಪೋ ನದಿಯ ಬಯಲಿನಲ್ಲಿ ಕಾಯಂ ನೌಕರಿಯ ಸಿಖ್ಖರು ಹಸು ಕರೆದು ಅಲ್ಲಿಯ ಹೆಸರಾಂತ ಚೀಸಿಗೆ ಹಾಲು ಕೊಡುತ್ತಾರೆ; ನೊವೆಲ್ಲಾರಾ ಊರಿನಲ್ಲಿ ಅವರ ದೊಡ್ಡ ಗುರುದ್ವಾರವಿದೆ, ಬೈಸಾಖಿಯ ಮೆರವಣಿಗೆ ಊರಿನ ಹಬ್ಬ. ಅದೇ ದೇಶದ ಲಾತಿನಾ ಸೀಮೆಯಲ್ಲಿ 2024ರ ಜೂನ್‌ನಲ್ಲಿ ದಾಖಲೆಯಿಲ್ಲದೆ ದುಡಿಯುತ್ತಿದ್ದ ಸಿಖ್ ಕೂಲಿಯೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಒಯ್ಯದೆ ಅವನ ಮನೆಯ ಮುಂದೆ ಇಳಿಸಿ ಹೋದರು, ತುಂಡಾದ ತೋಳನ್ನು ಹಣ್ಣಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅವನು ಉಳಿಯಲಿಲ್ಲ. ಎರಡೂ ಕಡೆ ಇದ್ದದ್ದು ಅದೇ ಪಂಜಾಬಿನ ಜನ, ಅದೇ ಇಟಲಿಯ ಜನ.

ಬೇಲೂರು, ಹಳೇಬೀಡಿನ ಸೀಮೆಯಲ್ಲಿ ಮಾಡಬೇಕಾದ್ದು ದೊಡ್ಡದೇನಲ್ಲ, ಹೆಚ್ಚಿನದಕ್ಕೆ ಹೊಸ ಕಾಯ್ದೆಯೂ ಬೇಡ. ‘ಒಂದು ದೇಶ ಒಂದು ಪಡಿತರ ಚೀಟಿ’ಗೆ ಕೊನೆಯದಾಗಿ ಸೇರಿದ ರಾಜ್ಯ ಅಸ್ಸಾಂ, 2022ರ ಜೂನ್‌ನಲ್ಲಿ, ಅಂದಿನಿಂದ ಅಲ್ಲಿಯ ಚೀಟಿಗೆ ಬಿಕ್ಕೋಡಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗಬೇಕು. ಕೇಳಬಹುದು ಎಂಬುದು ಚೀಟಿ ಹಿಡಿದವನಿಗೆ ಗೊತ್ತಿಲ್ಲದಿದ್ದರೆ ಹೇಳಬೇಕಾದವರು ಪಂಚಾಯಿತಿಯವರು. ಶುಂಠಿ ಗುತ್ತಿಗೆಗೆ ಮಾಲೀಕನ ಹಕ್ಕಿಗೆ ಚ್ಯುತಿ ಬಾರದಂಥ ಒಂದು ನಮೂನೆ ಪತ್ರವನ್ನು ಕಾಯ್ದೆಯೊಳಗೆ ತರುವುದು ಮಾತ್ರ ಶಾಸಕರ ಕೆಲಸ. ಇನ್ನು ಶಾಲೆ. ಮಕ್ಕಳಿಲ್ಲದೆ ಮುಚ್ಚುವ ಭಯದಲ್ಲಿರುವ ಸರ್ಕಾರಿ ಕನ್ನಡ ಶಾಲೆಗಳು ಮಲೆನಾಡಿನಲ್ಲಿ ಒಂದೆರಡಲ್ಲ; ಅವುಗಳ ಕಾಂಪೌಂಡಿನಾಚೆ, ಲೈನ್ ಮನೆಯ ಜಗಲಿಯ ಮೇಲೆ, ತಂಗಿಯನ್ನು ಎತ್ತಿಕೊಂಡು ಕೂತ ಏಳೆಂಟು ವರ್ಷದ ಮಕ್ಕಳು. ಕುಯ್ಲು ಶುರುವಾಗುವುದು ನವೆಂಬರ್‌ಗೆ, ಶಾಲೆ ಶುರುವಾಗಿರುವುದು ಜೂನ್‌ಗೆ, ಟಿ.ಸಿ. ಅಸ್ಸಾಮಿನ ಯಾವುದೋ ಬ್ಲಾಕ್ ಕಚೇರಿಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದಿರುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು. ಹಾಜರಿ ಪುಸ್ತಕದಲ್ಲಿ ಕೊನೆಯ ಹೆಸರಿನ ಕೆಳಗೆ ಖಾಲಿ ಗೆರೆಗಳು ಇದ್ದೇ ಇರುತ್ತವೆ. ಜನವರಿಯಲ್ಲೂ ಅಲ್ಲಿ ಒಂದು ಹೆಸರು ಬರೆಯಬಹುದು, ತಂದೆಯ ಹೆಸರು ಮತ್ತು ಊರಿನ ಸಮೇತ.